ಹೊಂಗಡಹಳ್ಳದ ಕನೆಕ್ಷನ್

ಇಲಿ ಕಡಿದಿರಲಿಲ್ಲ. ಎಸ್ಟೇಟ್ ಆಫೀಸಿನಿಂದ ಬಂಗಲೆಯ ಹಾಲಿನವರೆಗೆ ಪೂಜಿತಾ ವೈರನ್ನು ಬೆರಳಿನಿಂದ ತಡವುತ್ತ ಬಂದಳು. ಎಲ್ಲೂ ಸೀಳಿಲ್ಲ, ತಿರುಚಿಲ್ಲ. ಆದರೂ ಆಫೀಸಿನ ಹೊಸ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ನಿನ್ನೆ ಸಂಜೆಯಷ್ಟೇ ಅವಳೇ ಸರಿಮಾಡಿ, ಕಾಫಿ ರೇಟಿನ ಪುಟ ತೆರೆದು ತೋರಿಸಿ ಹೋಗಿದ್ದಳು. ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಸಕಲೇಶಪುರದ ಧರ್ಮನ ಕಂಪ್ಯೂಟರ್ ಅಂಗಡಿಗೆ ಅವಳು ಸೇರಿದ್ದು ಆ ವರ್ಷವೇ. ಹೊಂಗಡಹಳ್ಳದ ಸುರೇಂದ್ರನ ಕಾಫಿ ಎಸ್ಟೇಟಿಗೆ ಕಂಪ್ಯೂಟರ್ ಕೊಟ್ಟಾಗ, ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ವೈರಸ್ ಕಾಟವಿರುವುದಿಲ್ಲ ಎಂದು ಹಟ ಹಿಡಿದವಳೂ ಅವಳೇ. ಧರ್ಮ ಒಲ್ಲದ ಮನಸ್ಸಿನಿಂದ ಒಪ್ಪಿದ್ದ. ಇನ್‌ಸ್ಟಾಲ್ ಮುಗಿದ ಮರುದಿನದಿಂದಲೇ ದೂರು ಶುರುವಾಯಿತು. ಫೋನ್ ಮಾಡುತ್ತಿದ್ದುದು ಸುರೇಂದ್ರನ ಹೆಂಡತಿ ಗಂಗಾಮಣಿ. ತಗ್ಗಿದ ದನಿಯಲ್ಲಿ ಒಂದೇ ಮಾತು: "ಮತ್ತೆ ಹೋಗ್ಬುಡ್ತು ಕಣಮ್ಮ. ಬೇಗ ಬಾ."

ಪೂಜಿತಾ ಬರುತ್ತಿದ್ದಳು. ಲಿನಕ್ಸ್ ನೆಟ್‌ವರ್ಕ್ ಕಾರ್ಡನ್ನು ಗುರುತಿಸಿತ್ತು. ಕಮಾಂಡ್ ಕೊಟ್ಟರೆ ಅದರ ಹೆಸರು ತೋರಿಸುತ್ತಿತ್ತು, ಇಂಟರ್ನೆಟ್ ವಿಳಾಸದ ಜಾಗ ಮಾತ್ರ ಖಾಲಿ. ಕಾರ್ಡಿನ ಡ್ರೈವರ್ ತಂತ್ರಾಂಶ ತೆಗೆದು ಮತ್ತೆ ಹಾಕುವಳು. ಕಂಪ್ಯೂಟರ್ ಆರಿಸಿ ಹಚ್ಚುವಳು. ಹಾಲಿನಲ್ಲಿದ್ದ, ಇಂಟರ್ನೆಟ್ ಕೊಡುವ ಮೋಡೆಮ್ಮಿನಿಂದ ವೈರಿನ ಪ್ಲಗ್ ಕಿತ್ತು ಮತ್ತೆ ಚುಚ್ಚುವಳು. ಎಲ್ಲೋ ಒಂದು ಹಂತದಲ್ಲಿ ಕನೆಕ್ಷನ್ ಬಂದುಬಿಡುತ್ತಿತ್ತು. ಯಾವುದರಿಂದ ಬಂತೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಅದೇ ಅವಳನ್ನು ಕೊರೆಯುತ್ತಿತ್ತು.

ಸುರೇಂದ್ರ ಒಂದು ದಿನವೂ ಸಿಡುಕಲಿಲ್ಲ. "ಪರವಾಗಿಲ್ಲಮ್ಮ, ನಿಧಾನವಾಗಿ ನೋಡು," ಎನ್ನುತ್ತಿದ್ದ. "ಗಂಗಾ, ಈ ಹುಡುಗಿಗೆ ಊಟ ಕೊಡು," ಎಂದು ಹೆಂಡತಿಗೂ ಮೆತ್ತಗೆ ಹೇಳುತ್ತಿದ್ದ. ಇಂಥ ಸಾಹುಕಾರರೂ ಇರುತ್ತಾರಲ್ಲ ಎಂದು ಪೂಜಿತಾಳಿಗೆ ಸಮಾಧಾನ. ಗಂಗಾಮಣಿಯಂತೂ ಅವಳನ್ನು ಬಿಟ್ಟು ಏಳುತ್ತಲೇ ಇರಲಿಲ್ಲ. ಕಾಫಿಯ ಮೇಲೆ ಕಾಫಿ ತರುವಳು, ಪಕ್ಕದಲ್ಲಿ ಕುರ್ಚಿ ಎಳೆದು ಕೂರುವಳು. "ಸಕಲೇಶ್‌ಪುರ ಈಗ ಹೆಂಗಾಗೈತೆ?" ಎಂದು ಕೇಳುವಳು. ಬಸ್ಸಿನಲ್ಲಿ ಹೋಗಿಬರಬಹುದಾದ ಊರಿನ ಬಗ್ಗೆ ಅದೇನು ಪ್ರಶ್ನೆಯೋ!

ಪೂಜಿತಾಳ ಅನುಮಾನವೆಲ್ಲ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೋಮಯ್ಯನ ಮೇಲೆ. ಕಂಪ್ಯೂಟರ್ ಬಂದ ದಿನದಿಂದ ಆತನ ಮುಖ ಗಂಟಿಕ್ಕಿಕೊಂಡಿತ್ತು. ಆಫೀಸಿನ ಬೀಗದ ಕೈಯೂ ಆತನ ಹತ್ತಿರವೇ.

"ರಾತ್ರಿ ಯಾರಾದ್ರೂ ಇದನ್ನ ಮುಟ್ತಾರಾ?" ವೈರು ತಡವಿ ನೋಡಿದ ಅವತ್ತು ಅವಳು ನೇರವಾಗಿ ಕೇಳಿದಳು.

ಸೋಮಯ್ಯ ತಲೆ ಎತ್ತಲಿಲ್ಲ. "ಈ ಮನೇಲಿ ಯಾರು ಏನು ಮಾಡ್ತಾರೆ ಅಂತ ಕೇಳೋ ಕೆಲ್ಸ ನಂದಲ್ಲ ಕಣಮ್ಮ."

ಜಂಬದ ಮುದುಕ, ಎಂದುಕೊಂಡಳು.

ಅವತ್ತು ಧರ್ಮನೂ ವ್ಯಾನಿನಲ್ಲಿ ಜೊತೆಗೆ ಬಂದಿದ್ದ. ಕನೆಕ್ಷನ್ ಬಂದ ಮೇಲೆ ಅವಳನ್ನು ಪಕ್ಕಕ್ಕೆ ಕರೆದ. "ಇನ್ನೊಂದ್ಸಲ ಕೆಟ್ರೆ ನಿನ್ನ ಲಿನಕ್ಸೂ ಬ್ಯಾಡ, ನೀನೂ ಬ್ಯಾಡ. ನಂಗೂ ಅಂಗಡಿ ನಡೀಬೇಕಲ್ಲ?" ಪೂಜಿತಾ ತುಟಿ ಕಚ್ಚಿ ವ್ಯಾನ್ ಹತ್ತಿದಳು. ಹತ್ತಿದ ಮೇಲೆ ಸಿಡಿಗಳ ಚೀಲ ಹಾಲಿನಲ್ಲೇ ಉಳಿದದ್ದು ನೆನಪಾಯಿತು. ಇಳಿದು ಓಡಿದಳು.

ಹಾಲಿನಲ್ಲಿ ಗಂಗಾಮಣಿ ಮೋಡೆಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹೆಬ್ಬೆರಳಿನಿಂದ ಪ್ಲಗ್ಗನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದಳು. ನೋಡಿದವರಿಗೆ ಪ್ಲಗ್ ಕೂತೇ ಇದೆ ಎನ್ನಿಸಬೇಕು, ಅಷ್ಟು ನಾಜೂಕು. ಮೋಡೆಮ್ಮಿನ ಒಂದು ದೀಪ ಆರಿತು.

"ಅಕ್ಕಾ!"

ಗಂಗಾಮಣಿ ಬೆಚ್ಚಿಬಿದ್ದಳು. "ಧೂಳು... ಧೂಳು ಒರೆಸ್ತಿದ್ದೆ." ಕೈಯಲ್ಲಿ ಬಟ್ಟೆಯಿರಲಿಲ್ಲ.

"ನಿಮ್ಗಿದು ಆಟ. ನನ್ನ ಕೆಲಸ ಹೋಗ್ತದೆ, ಗೊತ್ತಾ?" ಪೂಜಿತಾ ಪ್ಲಗ್ಗನ್ನು ಒತ್ತಿ ಕೂರಿಸಿದಳು.

"ಏನಾಯ್ತು?" ಜಗಲಿಯಿಂದ ಸುರೇಂದ್ರನ ದನಿ. ಗಂಗಾಮಣಿ ಪೂಜಿತಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಕಣ್ಣು ಬಾಗಿಲ ಕಡೆ.

ದೊಡ್ಡ ಮನೆಯ ಹೆಂಗಸು, ಗಂಡನೆದುರು ಮರ್ಯಾದೆ ಹೋಗುತ್ತದೆಂಬ ಅಂಜಿಕೆ, ಎಂದುಕೊಂಡ ಪೂಜಿತಾ ಸಿಟ್ಟು ನುಂಗಿದಳು. "ಏನಿಲ್ಲ ಸರ್. ಧೂಳು ಒರೆಸುವಾಗ ಪ್ಲಗ್ ಸಡಿಲ ಆಗ್ತಿತ್ತು, ಅಷ್ಟೇ."

ಹಿಂದೆಯೇ ಬಂದಿದ್ದ ಧರ್ಮನಿಗೆ ಜೀವ ಬಂದಂತಾಯಿತು. "ನಮ್ಮಂಗಡೀಲಿ ಹೆಂಗಸ್ರಿಗೆ ಕಂಪ್ಯೂಟರ್ ಕ್ಲಾಸ್ ಐತೆ ಸರ್. ಇವತ್ತೂ ಐತೆ. ಅಮ್ಮಾವ್ರು ಒಂದ್ಸಲ ಕೂತ್ರೆ ಸಾಕು, ಈ ತೊಂದ್ರೆನೇ ಬರಲ್ಲ. ವ್ಯಾನಲ್ಲೇ ಕರ್ಕೊಂಡೋಗ್ತೀವಿ."

"ಅವಳಿಗ್ಯಾಕ್ರೀ ಅದೆಲ್ಲ?" ಸುರೇಂದ್ರ ನಕ್ಕ.

"ಹೋಗ್ಬರ್ಲಿ ಬುಡಿ ಸ್ವಾಮಿ," ಎಂದಿತು ಇನ್ನೊಂದು ದನಿ. ಅಂಗಳದಲ್ಲಿ ನಿಂತಿದ್ದ ಸೋಮಯ್ಯ. "ಕಲಿಯೋದ್ರಲ್ಲಿ ತಪ್ಪೇನೈತೆ?" ಕಂಪ್ಯೂಟರ್ ಕಂಡರಾಗದ ಮುದುಕ ಹೀಗೆ ಹೇಳಿದ್ದು ಕೇಳಿ ಪೂಜಿತಾ ಬೆರಗಾದಳು.

ಅಷ್ಟು ಜನರೆದುರು ಸುರೇಂದ್ರನಿಗೆ ಬೇಡವೆನ್ನಲಾಗಲಿಲ್ಲ. "ಕತ್ತಲಾಗೋದ್ರೊಳಗೆ ಬಂದ್ಬಿಡು, ಗಂಗಾ," ಎಂದ. ನಗು ಹಾಗೆಯೇ ಇತ್ತು.

ಗಂಗಾಮಣಿ ಸೀರೆ ಬದಲಿಸಲಿಲ್ಲ. ಉಟ್ಟ ಬಟ್ಟೆಯಲ್ಲೇ ವ್ಯಾನ್ ಹತ್ತಿದಳು. ಸಕಲೇಶಪುರದ ಬಸ್ ನಿಲ್ದಾಣ ಬಂದಾಗ, "ಇಲ್ಲೇ ನಿಲ್ಸಪ್ಪ," ಎಂದವಳೇ ಇಳಿದು ಹಾಸನದ ಬಸ್ಸಿನ ಕಡೆ ನಡೆದುಬಿಟ್ಟಳು.

ಪೂಜಿತಾ ಹಿಂದೆ ಓಡಿದಳು. "ಅಕ್ಕಾ, ಅಂಗಡಿ ಆ ಕಡೆ!"

"ಪಾಳ್ಯಕ್ಕೆ ಹೋಗ್ತೀನಿ ಕಣವ್ವ, ನಮ್ಮಣ್ಣನ ಮನೆಗೆ. ಇನ್ನು ಆ ಮನೆಗೆ ಕಾಲಿಡಲ್ಲ." ಗಂಗಾಮಣಿ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. ಕಣ್ಣು ತುಂಬಿತ್ತು. "ನಿನ್ನ ಹೊಟ್ಟೆ ಉರಿಸ್ಬುಟ್ಟೆ. ತಪ್ಪು ತಿಳ್ಕೋಬ್ಯಾಡ."

"ಮತ್ತ್ಯಾಕೆ ದಿನಾ ಆ ಪ್ಲಗ್ ಕೀಳ್ತಿದ್ರಿ?"

"ಹೊರಗಿನೋರು ಮನೇಲಿದ್ದಷ್ಟು ಹೊತ್ತು ಅವ್ರು ನನ್ನ ಹೊಡೀತಿರ್ಲಿಲ್ಲ."