ದಿನಕ್ಕೊಂದು ಮಾರು

ಯಾರೂ ನಡೆಯದ ದಾರಿ ದಿನಕ್ಕೊಂದು ಮಾರು ಉದ್ದವಾಗುತ್ತಿತ್ತು. ಒಬ್ಬರು ನಡೆದರೆ ಒಂದು ಮಾರು ಕುಗ್ಗುತ್ತಿತ್ತು. ಫುಟ್‌ಪಾತು ಹಾಳಾಗಿ ಜನ ನಡೆಯುವುದು ಬಿಟ್ಟ ಹನ್ನೊಂದು ವರ್ಷದಲ್ಲಿ, ಎದುರು ಓಣಿಯ ಗೆಳತಿ ಜೈತುನಬಿಯ ಮನೆ ನೀಲವ್ವಳಿಗೆ ಏಳು ಕಿಲೋಮೀಟರ್ ದೂರವಾಗಿತ್ತು. ಜೈತುನಬಿಯ ಡಬ್ಬಿ ನೀಲವ್ವಳ ಮನೆಯಲ್ಲೇ ಉಳಿದಿತ್ತು; ಅದನ್ನು ಖಾಲಿ ಕೊಡುವ ರೂಢಿಯಿರಲಿಲ್ಲ.

ಈಗ ಹೊಸ ಫುಟ್‌ಪಾತು, ಹೊಸ ಬಸ್ಸು ಬಂದವು. ನೀಲವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆಯಿಟ್ಟುಕೊಂಡು ಬಸ್ಸು ಹತ್ತಿದಳು. ಅರ್ಧ ದಾರಿಗೇ ಎದ್ದು ನಿಂತಳು.

“ಇನ್ನೂ ದೂರ ಐತಿ, ಕುಂದ್ರಬೇ ಯವ್ವಾ,” ಎಂದ ಕಂಡಕ್ಟರ್.

“ಇಳಸೋ ತಮ್ಮಾ. ನಾ ನಡದ್ರ ನನ್ನ ಗೆಳತಿಗೆ ಒಂದು ಮಾರಾದ್ರೂ ದಾರಿ ಕಮ್ಮಿ ಆಗ್ತೈತಿ. ಆಕಿ ಮೊಣಕಾಲು ಮೊದಲಿನಂಗಿಲ್ಲ.”

ಬಹಳ ಹೊತ್ತು ನಡೆದ ಮೇಲೆ ಜೈತುನಬಿಯ ಮನೆಯ ಹಸಿರು ಬಾಗಿಲು ಉಗುರಿನಷ್ಟು ಕಂಡಿತು. ಯಾರೋ ಕೋಲೂರಿಕೊಂಡು ಹೊಸ್ತಿಲಿಳಿಯುತ್ತಿದ್ದರು.

“ಅಲ್ಲೇ ನಿಂದ್ರಬೇ, ನಾನೇ ಬರ್ತೀನಿ!” ನೀಲವ್ವ ಕೂಗಿದಳು, ಅಷ್ಟು ದೂರಕ್ಕೆ ಕೇಳಿಸದೆಂದು ಗೊತ್ತಿದ್ದೂ.