ಸಾಲುಮನೆಯ ಇಪ್ಪತ್ತೆರಡು ಬಾಗಿಲು

“ಇಪ್ಪತ್ತೆರಡು ಮನೆ ಕಣ್ರೀ! ಬರೋ ಬಾಡಿಗೆ ಒಂದು ಪಾಲು, ಓಗೋ ಖರ್ಚು ನಾಲ್ಕು ಪಾಲು. ನೀರು ನಮ್ದು, ಬೀದಿ ದೀಪ ನಮ್ದು, ಚರಂಡಿ ನಮ್ದು, ಕಸ ಎತ್ತೋದೂ ನಮ್ದೇ. ಇನ್ನೆಷ್ಟು ದಿನ ಸಾಕೋದು ಇವರನ್ನ?”

ಸದಸ್ಯ ಶಶಿಕುಮಾರ್ ಮೇಜು ಗುದ್ದಿದ. ಪುರಸಭೆಯ ಸಭಾಂಗಣದಲ್ಲಿದ್ದ ಕಾಫಿ ಲೋಟಗಳೆಲ್ಲ ಅಲ್ಲಾಡಿದವು.

ಕಸ ಎತ್ತುವುದು ಇವರಂತೆ! ಸಾಲುಮನೆಯಲ್ಲಿ ಬಾಡಿಗೆಗಿದ್ದವರೇ ಮೂವತ್ತು ವರ್ಷದಿಂದ ಆ ಊರಿನ ಕಸ ಗುಡಿಸಿ, ಚರಂಡಿ ತೋಡಿದವರು. ಶಶಿಕುಮಾರ್ ಜನ್ಮದಲ್ಲಿ ಒಂದೇ ಒಂದು ಸಲ ಪೊರಕೆ ಹಿಡಿದಿದ್ದ, ಅದೂ ಫೋಟೊಗೆ.

ಅವನ ಸಂಕಟ ಖರ್ಚಿನದ್ದಲ್ಲ. ಸಾಲುಮನೆ ಇದ್ದದ್ದು ಬಸ್ ಸ್ಟ್ಯಾಂಡಿನ ಬೆನ್ನಿಗೆ. ಅದನ್ನು ಕೆಡವಿ ಮಳಿಗೆ ಕಟ್ಟಿದರೆ ಚನ್ನರಾಯಪಟ್ಟಣದ ಕಂಟ್ರಾಕ್ಟರು ಅವನನ್ನು ಮರೆಯುವವನಲ್ಲ. ಮುಂದಿನ ತಿಂಗಳು ಅಧ್ಯಕ್ಷರ ಆಯ್ಕೆ. ಆ ಕುರ್ಚಿಗಾಗಿ ಶಶಿಕುಮಾರ್ ಏಳು ವರ್ಷದಿಂದ ಕಂಡಕಂಡವರ ಮನೆಯ ನಾಮಕರಣ, ತಿಥಿ ಎಲ್ಲಕ್ಕೂ ಹೋಗಿ ಉಂಡು ಬಂದಿದ್ದ.

ಅವನ ಸ್ವಂತ ಮನೆ ಮಾತ್ರ ಊರಿನ ಗಡಿಕಲ್ಲಿನಿಂದ ಹತ್ತು ಮಾರು ಆಚೆ, ಗ್ರಾಮ ಪಂಚಾಯಿತಿಯ ಜಾಗದಲ್ಲಿ. ಹನ್ನೊಂದು ವರ್ಷದ ಹಿಂದೆ ಕಟ್ಟಿಸಿದ್ದು. “ಪುರಸಭೆ ಕಂದಾಯ ಇಲ್ಲ, ಕಸದ ದುಡ್ಡಿಲ್ಲ. ತಲೆ ಓಡಿಸ್ಬೇಕು ಕಣ್ಲಾ” ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ತಲೆ ಓಡಿಸುತ್ತಿದ್ದದ್ದು ನಿಜವಾಗಿ ಅವನ ಬಾಮೈದ ದಿಲೀಪ್. ಕಾಗದಪತ್ರವೆಲ್ಲ ಅವನದೇ. ತೋರಿಸಿದ ಕಡೆ ರುಜು ಹಾಕುವುದಷ್ಟೇ ಶಶಿಕುಮಾರನ ಕೆಲಸ. ಓದುವುದು ಗುಮಾಸ್ತರ ಪಾಡು ಎಂದು ಅವನು ತಿಳಿದಿದ್ದ.

ಆ ಬೆಳಿಗ್ಗೆ ಪುರಸಭೆಯ ಮೆಟ್ಟಿಲ ಮೇಲೆ ಮಾರಮ್ಮ ಅಡ್ಡ ನಿಂತಿದ್ದಳು. ಸಾಲುಮನೆಯ ಹದಿನಾಲ್ಕನೇ ಬಾಗಿಲಿನವಳು. ಗಂಡ ಹುಚ್ಚಯ್ಯ ಮ್ಯಾನ್‌ಹೋಲಿಗೆ ಇಳಿದು ಸತ್ತ ಮೇಲೆ ಅವಳಿಗೆಂದು ಉಳಿದದ್ದು ಆ ಒಂದು ಕೋಣೆ, ಒಂದು ಜಗಲಿ. ಚುನಾವಣೆ ಬಂದಾಗಲೆಲ್ಲ ಶಶಿಕುಮಾರ್ ಸಾಲುಮನೆ ಬೂತಿನಲ್ಲಿ ಇವಳ ಹಿಂದೆಯೇ ನಿಂತು ಮತ ಹಾಕಿ, ಶಾಯಿ ಬೆರಳು ತೋರಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದ. ಬಡವರ ಬಂಧು!

“ಈ ಕವರ್ ಒಸಿ ಈಸ್ಕೊಳ್ಳಿ ಸಾ” ಎಂದು ಅವಳು ಕೈ ಚಾಚಿದಳು.

“ಅರ್ಜಿ ಗಿರ್ಜಿ ಏನೂ ಬ್ಯಾಡ ಕಣಮ್ಮ. ಬಾಗೂರಲ್ಲಿ ನಿನ್ ಮಗಳು ಇದಾಳಲ್ಲ, ಅಲ್ಲಿಗೋಗು.”

“ನಾನೇನೋ ಎಲ್ಲಾದ್ರೂ ಓಯ್ತೀನಿ ಸಾ. ನೀವು?”

“ನಾನಾ? ನಾನು ಅಧ್ಯಕ್ಷರ ಕುರ್ಚಿಗೋಯ್ತೀನಿ” ಎಂದು ನಕ್ಕು ಶಶಿಕುಮಾರ್ ಒಳಗೆ ನಡೆದಿದ್ದ. ಮಾರಮ್ಮ ಕವರನ್ನು ಸೆರಗಿನಲ್ಲಿ ಸುತ್ತಿಕೊಂಡು ಅಲ್ಲೇ ಕೂತಳು.

ಈಗ ಸಭೆಯಲ್ಲಿ ಉಳಿದವರು ಸಾಲುಮನೆ ಕೆಡವಲು ಒಪ್ಪಿ ತಲೆಯಾಡಿಸಿದರು. ಒಬ್ಬರು, ಪಾಪ, ಬದಲಿ ಮನೆ ಕೊಡಬಾರದೇ ಎಂದು ಕೇಳಿದರು. ಪಕ್ಕದವರು ಅವರ ಮುಂದಕ್ಕೆ ವಡೆ ತಟ್ಟೆ ಸರಿಸಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಶಶಿಕುಮಾರನಿಗೆ ಇನ್ನೊಂದು ಅಳುಕು ಹುಟ್ಟಿತ್ತು. ಮನೆ ಕಳೆದುಕೊಂಡ ಅರವತ್ತು ಮತದಾರರು ಎಲ್ಲೇ ಹೋದರೂ ಮತದ ದಿನ ತಿರುಗಿ ಬಂದು ತನಗೇ ಬತ್ತಿ ಇಟ್ಟರೆ?

“ಇನ್ನೊಂದು ಸೇರಿಸ್ಕೊಳ್ಳಿ ಮೇಡಂ” ಎಂದ ಮುಖ್ಯಾಧಿಕಾರಿ ಸಿಂಧುವಿಗೆ. “ಮನೆನೇ ಇಲ್ದ ಮ್ಯಾಲೆ ಆ ವಿಳಾಸದಲ್ಲಿ ವೋಟು ಯಾಕೆ? ಸಾಲುಮನೆ ವಿಳಾಸದಲ್ಲಿರೋ ಹೆಸರೆಲ್ಲ ಪಟ್ಟಿಯಿಂದ ತೆಗೆಸಿ ಅಂತ ತಹಶೀಲ್ದಾರರಿಗೆ ಬರೀರಿ. ಪಟ್ಟಿಲಿ ಹೆಸ್ರು ಇಲ್ದೋನು ಈ ಊರಿಗೆ ಏನೂ ಅಲ್ಲ.”

ಆ ಕಾನೂನು ಅವನಿಗೆ ಬಾಯಿಪಾಠವಾಗಿತ್ತು. ಹೋದ ವರ್ಷ ಸದಸ್ಯ ಚೆನ್ನಯ್ಯ ಹಾಸನಕ್ಕೆ ಹೋಗಿ ಅಲ್ಲಿನ ಮತದಾರನಾದಾಗ, ಇಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲವೆಂದು ದೂರು ಕೊಟ್ಟು ಅವನ ಸದಸ್ಯತ್ವ ಹಾರಿಸಿದ್ದವನು ಇದೇ ಶಶಿಕುಮಾರ್. ಹದಿನೈದು ದಿನ ಅದನ್ನೇ ಹೇಳಿಕೊಂಡು ತಿರುಗಿದ್ದ.

ಸಿಂಧು ಪೆನ್ನು ನಿಲ್ಲಿಸಿದಳು. “ಆ ವಿಳಾಸದ ಪಟ್ಟಿ ತರಿಸಿದೀನಿ ಸಾರ್. ಒಂದ್ಸಲ ಓದಲಾ?”

“ಓದಿ ಏನ್ ಮಾಡ್ತೀರಿ? ಯಾರಿದ್ರೆ ನಮಗೇನು!”

“ಹಾಗಾದರೆ ಒಬ್ಬರನ್ನೂ ಬಿಡದೆ ಅಂತ ಬರೀಲಾ?”

“ಒಬ್ಬರನ್ನೂ ಬಿಡಬ್ಯಾಡಿ.”

ಸಿಂಧು ಬರೆದಳು. ನಡಾವಳಿ ಪುಸ್ತಕ ಸುತ್ತು ಬಂತು. ಎಲ್ಲರೂ ವಡೆಯ ಎಣ್ಣೆ ಒರೆಸಿಕೊಂಡು ರುಜು ಹಾಕಿದರು. ಸೂಚಕನ ಜಾಗದಲ್ಲಿ ಶಶಿಕುಮಾರ್ ಎಲ್ಲರಿಗಿಂತ ದೊಡ್ಡದಾಗಿ ಹಾಕಿದ.

ಹೊರಗೆ ಬಂದಾಗ ಮಾರಮ್ಮ ಇನ್ನೂ ಮೆಟ್ಟಿಲ ಮೇಲಿದ್ದಳು. ಕಣ್ಣು ಕೆಂಪಗಾಗಿತ್ತು. ಸುದ್ದಿ ಅವಳಿಗಾಗಲೇ ಮುಟ್ಟಿತ್ತು.

“ಅಂಗಾರೆ ಒಡೆದೇ ಬಿಡ್ತೀರಾ ಸಾ?”

“ಆಗೋಯ್ತು ಕಣಮ್ಮ. ಅಳ್ಬ್ಯಾಡ.”

“ಈಗಾದ್ರೂ ಇದನ್ನ ಈಸ್ಕೊಳ್ಳಿ. ನಿನ್ನೆ ಪೋಸ್ಟಿನ ಪಾಪಯ್ಯ ಕೊಟ್ಟೋದ. ಹನ್ನೊಂದು ವರ್ಸದಿಂದ ಬಂದಿದ್ದನ್ನೆಲ್ಲ ದಿಲೀಪಪ್ಪನ ಕೈಗೆ ಕೊಡ್ತಿದ್ದೆ. ಗ್ವಾಡೆನೇ ಇಲ್ದ ಮ್ಯಾಲೆ ಇನ್ನು ಎಲ್ಲಿಗೆ ತಂದ್ಕೊಟ್ಟಾನು?”

ಶಶಿಕುಮಾರ್ ಬೇಸರದಿಂದಲೇ ಕವರು ಹರಿದ. ಒಳಗಿದ್ದದ್ದು ದಿಲೀಪ್ ಹೋದ ತಿಂಗಳು ಅರ್ಜಿ ಹಾಕಿ ತರಿಸಿದ ಹೊಸ ವೋಟರ್ ಕಾರ್ಡು. ಮೇಲೆ ಶಶಿಕುಮಾರನದೇ ಮೋರೆ. ಗಡಿಯಾಚೆ ಮನೆ ಕಟ್ಟಿದಾಗ ಊರೊಳಗೊಂದು ವಿಳಾಸ ಬೇಕೆಂದು ದಿಲೀಪ್ ಎಲ್ಲೋ ರುಜು ಹಾಕಿಸಿಕೊಂಡದ್ದು ಈಗ ನೆನಪಾಯಿತು. ಕಾರ್ಡು ತಿರುಗಿಸಿದ: ಕೆ. ಶಶಿಕುಮಾರ್, ಮನೆ ನಂಬರ್ ಹದಿನಾಲ್ಕು, ಸಾಲುಮನೆ.

“ತಹಶೀಲ್ದಾರರ ಪತ್ರ ಟೈಪ್ ಆಯ್ತು ಸಾರ್” ಎಂದಳು ಬಾಗಿಲಲ್ಲಿ ನಿಂತ ಸಿಂಧು. “ನೀವು ಹೇಳಿದ ಹಾಗೇ ಒಬ್ಬರನ್ನೂ ಬಿಟ್ಟಿಲ್ಲ. ಕಳಿಸಿಬಿಡ್ಲಾ?”