ಅರ್ಧ ತುಂಡು ಸಕ್ಕರೆ

ರಾಯಭಾರ ಕಚೇರಿಯ ಮೊಹರಿದ್ದ ಚೀಲವನ್ನು ಸುಂಕದವರು ಬಿಚ್ಚುವಂತಿರಲಿಲ್ಲ. ಹಾಗಾಗಿ ಸಕ್ಕರೆ ತುಂಡುಗಳ ಡಬ್ಬಿ ಸಲೀಸಾಗಿ ಗಡಿ ದಾಟಿ, ಎರಡು ದಿನ ರಾಯಭಾರಿಯ ಮನೆಯ ಮೇಜಿನ ಮೇಲೆ ಕೂತಿತ್ತು. ಒಂದೊಂದು ತುಂಡಿನೊಳಗೂ ರೋಗಾಣು. ಅದು ಕುದುರೆಯನ್ನು ಕೊಲ್ಲುತ್ತದೆ, ಮನುಷ್ಯನನ್ನೂ ಬಿಡುವುದಿಲ್ಲ.

ಈ ತಟಸ್ಥ ದೇಶದ ಲಾಯದಲ್ಲಿದ್ದ ಕುದುರೆಗಳು ನಾಳೆ ಹಡಗು ಹತ್ತಿ ರಾಯಭಾರಿಯ ದೇಶದ ಶತ್ರುಸೈನ್ಯ ಸೇರಲಿದ್ದವು. ದಿನವೂ ಸವಾರಿಗೆ ಬರುತ್ತಿದ್ದ ರಾಯಭಾರಿಯನ್ನು ಯಾರೂ ತಡೆಯಲಿಲ್ಲ. ಅವನು ಕೈಗವಸು ಹಾಕಿಕೊಂಡು ಒಂದು ತುಂಡು ಚಾಚಿದ. ಕುದುರೆ ಮುಖ ತಿರುಗಿಸಿತು.

"ಹಂಗೆ ಕೊಟ್ರೆ ತಿನ್ನಲ್ಲ ಬುದ್ಧಿ," ಎಂದ ಲಾಯದ ಮುದುಕ. "ಅರ್ಧ ನೀವು ಕಚ್ಚಿ ತಿಂದು, ಉಳಿದಿದ್ದು ಕೊಡಬೇಕು. ಮರಿಯಿಂದ ಹಂಗೇ ರೂಢಿ ಮಾಡಿಸಿದೀವಿ. ಯುದ್ಧಕಾಲ, ವಿಷ ಇಕ್ಕೋರು ಇರ್ತಾರೆ ನೋಡಿ."

ರಾಯಭಾರಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. "ನನಗೆ... ಹಲ್ಲುನೋವು."

ಮುದುಕ ಅವನ ಮುಖವನ್ನೇ ನೋಡಿದ. ಬಾಗಿಲಲ್ಲಿದ್ದ ಬಂದೂಕಿನ ಕಾವಲುಗಾರನೂ ಇತ್ತ ತಿರುಗಿದ. ಓಡಿದರೆ ಸಿಕ್ಕಿಬಿದ್ದಂತೆ, ಕಚ್ಚಿದರೆ ಸತ್ತಂತೆ.

ಮುದುಕ ನಕ್ಕುಬಿಟ್ಟ. "ಹೋಗ್ಲಿ ಬಿಡಿ. ಇವತ್ತು ಇವಕ್ಕೆ ಸಕ್ಕರೆ ಸಾಕಾಗೈತೆ. ಬೆಳಿಗ್ಗೆ ನಿಮ್ಮ ಮನೆ ಅಮ್ಮಾವ್ರು ಬಂದಿದ್ರು, ಮೇಜಿನ ಮೇಲಿದ್ದ ಡಬ್ಬೀದು ಅಂತ ಒಂದು ಹಿಡಿ ತಂದಿದ್ರು."

ರಾಯಭಾರಿ ಮುದುಕನ ತೋಳು ಹಿಡಿದ. "ಕುದುರೆಗಳು... ತಿಂದವಾ?"

"ತಿನ್ನದೆ ಏನು ಬುದ್ಧಿ? ಅಮ್ಮಾವ್ರು ಒಂದೊಂದು ತುಂಡನ್ನೂ ಅರ್ಧ ಕಚ್ಚೇ ಕೊಟ್ರು."